ಖಾನೆಯಲ್ಲಿದ್ದ ಬೂದು ಕಾರ್ಡು

ರಾಜಧಾನಿ ಬಿಷ್ಕೆಕ್‌ನಿಂದ ಬೂದು ಕಾರ್ಡು ಬಂದ ಬುಧವಾರ, ಜುಮಾದಿಲ್ ಅದನ್ನು ಲಕೋಟೆಯಿಂದ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ. ಮತ್ತೆ ಲಕೋಟೆಗೇ ತುರುಕಿ, ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಪುಸ್ತಕದಗಲದ ಒಂದು ರಟ್ಟು ಅದು, ಎರಡೂ ಕಡೆ ಬೂದಿ ಬಣ್ಣ, ಬೇರೇನೂ ಇಲ್ಲ. ಯಾವ ಕಳ್ಳನೂ ಅದನ್ನು ಮುಟ್ಟುವುದಿಲ್ಲ. ಐವತ್ತೆಂಟು ವರ್ಷದ ಗಂಡಸು, ನಾರಿನ್ ಊರಿನ ಅರ್ಧ ಜನರ ಪಾಸ್‌ಪೋರ್ಟ್ ಮುಖಗಳನ್ನು ತೆಗೆದವನು, ಒಂದು ರಟ್ಟಿನ ತುಂಡನ್ನು ಕದ್ದ ಮಾಲಿನಂತೆ ಬಚ್ಚಿಡುತ್ತಾನೆಂದರೆ ಕಾರಣ ಇರಲೇಬೇಕು. ಇತ್ತು. ಮರುದಿನ ಗುರುವಾರ. ಗುರುವಾರ ಊಲ್ಕನ್ ಬರುತ್ತಾಳೆ. ಕಾರ್ಡು ಹೊರಗೆ ಬಂದರೆ ಫೋಟೊ ಸರಿಯಾಗುತ್ತದೆ, ಫೋಟೊ ಸರಿಯಾದರೆ ಅದರ ಮುಂದಿನ ಗುರುವಾರ ಅವಳು ಬರುವುದಿಲ್ಲ.

ಇಷ್ಟೇ ವಿಷಯ. ಆದರೆ ಕಾರ್ಡಿನ ಕಥೆ ಹೇಳಬೇಕಾದರೆ ಮೊದಲು ಟೋಪಿಯ ಕಥೆ ಹೇಳಬೇಕು.

ನಮ್ಮ ಕಡೆಯ ಫೋಟೊಗ್ರಾಫರುಗಳಿಗೆ ಒಂದು ಚಾಳಿಯಿದೆ. ಬೆಳಕಿಗೂ ಬಣ್ಣವಿರುತ್ತದೆ, ಬಲ್ಬಿನದು ಹಳದಿ, ಮೋಡದ್ದು ನೀಲಿ, ಫ್ಲ್ಯಾಶಿನದು ಇನ್ನೊಂದು. ಮನುಷ್ಯನ ಕಣ್ಣು ಅದನ್ನೆಲ್ಲ ತಾನೇ ಸರಿತೂಗಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅಷ್ಟು ಬುದ್ಧಿಯಿಲ್ಲ. ಅದರ ಮುಂದೆ ಒಂದು ವಸ್ತು ಹಿಡಿದು, ಇದು ಬಿಳಿ, ಮಿಕ್ಕಿದ್ದನ್ನೆಲ್ಲ ಇದರ ಲೆಕ್ಕದಲ್ಲಿ ನೋಡಿಕೋ ಎಂದು ಹೇಳಿಕೊಡಬೇಕು. ವೈಟ್ ಬ್ಯಾಲೆನ್ಸ್ ಎನ್ನುವುದು ಇದಕ್ಕೇ. ಹಾಗೆ ಹೇಳಿಕೊಡುವ ಹೊತ್ತಿಗೆ ನಮ್ಮವರು ತಲೆಯ ಮೇಲಿನ ಕಲ್ಪಾಕ್ ತೆಗೆದು ಹಿಡಿಯುತ್ತಾರೆ. ಬಿಳಿ ಉಣ್ಣೆಯ ಟೋಪಿ, ಗಂಡಸಿನ ಮರ್ಯಾದೆ, ಮದುವೆಗೂ ಅದೇ ಮಣ್ಣಿಗೆ ಹೋಗುವಾಗಲೂ ಅದೇ. ಅದಕ್ಕಿಂತ ಬಿಳಿಯದು ಲೋಕದಲ್ಲಿ ಇನ್ನೊಂದಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಜುಮಾದಿಲ್‌ನಿಗೂ ಹೊಳೆದಿರಲಿಲ್ಲ. ಹೊಳೆಯಿಸಿದವಳು ಊಲ್ಕನ್.

ಅವಳು ಮೊದಲು ಬಂದದ್ದು ಸೆಪ್ಟೆಂಬರಿನ ಕೊನೆಯ ಗುರುವಾರ. ಅವಳಿಗಿಂತ ಮುಂಚೆ ಬಾಗಿಲಲ್ಲಿ ಕಂಡದ್ದು ಸುತ್ತಿ ಹೆಗಲ ಮೇಲೆ ಹೊತ್ತ ಒಂದು ದೊಡ್ಡ ಶಿರ್ದಾಕ್, ಅಂದರೆ ಬಣ್ಣ ಬಣ್ಣದ ಉಣ್ಣೆಯ ಹಾಳೆಗಳನ್ನು ಕತ್ತರಿಸಿ ಹೊಲಿದ ದಪ್ಪ ಹಾಸು. ಅದರ ಕೆಳಗೆ ಮನುಷ್ಯರಿದ್ದಾರೆಂದು ಧ್ವನಿ ಬಂದ ಮೇಲೆಯೇ ಗೊತ್ತಾಗಿದ್ದು.

"ಹಿಡ್ಕೊಳ್ಳೋ ಮಾರಾಯ, ನೋಡ್ತಾ ನಿಂತಿದ್ದೀಯಲ್ಲ. ಸೊಂಟ ಮುರೀತಾ ಇದೆ."

ಆ ಧ್ವನಿಗೆ ವಯಸ್ಸಾಗಿತ್ತು, ಅದು ಅಪ್ಪಣೆ ಕೊಡುವ ರೀತಿಗೆ ಆಗಿರಲಿಲ್ಲ. ಜುಮಾದಿಲ್ ಹಾಸನ್ನು ಹಿಡಿದುಕೊಂಡ. ಹಿಡಿದ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.

"ಊಲ್ಕನ್?"

"ಇನ್ಯಾರು. ಊಲ್ಕನ್ ಅಜ್ಜಿ, ಐದು ಮೊಮ್ಮಕ್ಕಳು. ನೀನೇನೋ, ಪೂರ್ತಿ ಬೋಳಾಗಿಬಿಟ್ಟಿದ್ದೀಯ."

"ಕಲ್ಪಾಕ್ ಹಾಕ್ಕೊಂಡಿದ್ದೀನಲ್ಲ, ಬೋಳು ಎಲ್ಲಿ ಕಾಣ್ತು ನಿಂಗೆ?"

"ಮನೆಯೊಳಗೂ ಹಾಕ್ಕೊಂಡಿದ್ದೀಯಲ್ಲ, ಅದಕ್ಕೇ ಗೊತ್ತಾಯ್ತು."

ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ ಹತ್ತು ವರ್ಷ ಓದಿದವರು. ಅವಳು ಅಟ್-ಬಾಶಿಗೆ ಮದುವೆಯಾಗಿ ಹೋದಳು. ನಾರಿನ್‌ನಿಂದ ಅಟ್-ಬಾಶಿಗೆ ಒಂದು ಗಂಟೆಯ ದಾರಿ, ನಡುವೆ ಒಂದು ಕಣಿವೆ. ಆದರೂ ನಲವತ್ತು ವರ್ಷದಲ್ಲಿ ಅವರು ಭೇಟಿಯಾದದ್ದು ಮೂರೋ ನಾಲ್ಕೋ ಸಲ, ಅದೂ ಸಾವಿನ ಮನೆಗಳಲ್ಲಿ, ಗಂಡಸರು ಹೊರಗೆ ಹೆಂಗಸರು ಒಳಗೆ. ಅವಳ ಗಂಡ ಹೋಗಿ ನಾಲ್ಕು ವರ್ಷ, ಇವನ ಹೆಂಡತಿ ಹೋಗಿ ಆರು.

ಬಂದ ಕೆಲಸವನ್ನು ಅವಳು ನಿಂತೇ ಹೇಳಿದಳು. ಅಟ್-ಬಾಶಿಯಲ್ಲಿ ಎಂಟು ಜನ ಹೆಂಗಸರು ಸೇರಿ ಶಿರ್ದಾಕ್ ಮಾಡುತ್ತಾರೆ. ಜರ್ಮನಿಯ ಕಡೆಯ ಒಂದು ಅಂಗಡಿ ಫೋಟೊ ನೋಡಿ ತರಿಸಿಕೊಳ್ಳುತ್ತದೆ.

"ಹೋದ ವರ್ಷ ಮೂರು ಹಾಸು ವಾಪಸ್ ಬಂದ್ವು. ಫೋಟೊದಲ್ಲಿದ್ದ ಕೆಂಪೇ ಬೇರೆ, ಪೆಟ್ಟಿಗೆ ಬಿಚ್ಚಿದಾಗ ಇದ್ದ ಕೆಂಪೇ ಬೇರೆ ಅಂತ. ನಮ್ಮ ಸೊಸೆ ಫೋನಲ್ಲಿ ತೆಗೆದಿದ್ಲು. ಈ ಸಲ ಒಂದರ ಫೋಟೊ ಕಳ್ಸಿ, ಬಣ್ಣ ಇದ್ದ ಹಾಗೇ ಇರ್ಬೇಕು, ಇದ್ರೆ ವರ್ಷಪೂರ್ತಿ ಕೆಲಸ ಕೊಡ್ತೀವಿ ಅಂದಿದ್ದಾರೆ. ನವೆಂಬರ್ ಮೊದಲ ಸೋಮವಾರಕ್ಕೆ ಕೊನೆ. ಆಗ್ಲಿಲ್ಲ ಅಂದ್ರೆ ನಮ್ಮನ್ನ ಮರೆತುಬಿಡ್ತಾರೆ. ಈ ಜಿಲ್ಲೇಲಿ ದೊಡ್ಡ ಫ್ಲ್ಯಾಶ್ ಇರೋದು ನಿನ್ನ ಹತ್ರ ಮಾತ್ರ ಅಂದ್ರು."

"ಅದಕ್ಕೆ ಬಂದ್ಯಾ?"

"ಮತ್ತೆ ನಿನ್ನ ಮುಖ ನೋಡೋಕೆ ಬಂದೆನಾ."

ಅವನು ಶಿರ್ದಾಕನ್ನು ಗೋಡೆಗೆ ತೂಗುಹಾಕಿದ. ಬಿಳಿಯ ನೆಲದ ಮೇಲೆ ಕೆಂಪು ಕೊಂಬುಗಳ ಚಿತ್ತಾರ, ಅಂಚಿಗೆ ಕಂದು. ಎರಡು ಫ್ಲ್ಯಾಶ್ ದೀಪಗಳನ್ನು ಎರಡೂ ಬದಿಗೆ ನಿಲ್ಲಿಸಿದ. ಕಲ್ಪಾಕ್ ತೆಗೆದು ಹಾಸಿನ ಮುಂದೆ ಹಿಡಿದು ಕ್ಯಾಮೆರಾಕ್ಕೆ ಬಿಳಿ ತೋರಿಸಿದ. ಆಗ ಬೋಳು ನಿಜವಾಗಿಯೂ ಕಂಡಿತು, ಅವಳು ಸೆರಗಿನಂತೆ ಎಳೆದುಕೊಂಡ ತಲೆವಸ್ತ್ರದ ಹಿಂದೆ ನಕ್ಕಳು. ಫೋಟೊ ತೆಗೆದು ಕಳಿಸಿದ್ದೂ ಆಯಿತು, ಚಹಾ ಕುಡಿದು ಅವಳು ಹೋದದ್ದೂ ಆಯಿತು.

ಅವಳು ಹೋದ ಮೇಲೆ ಜುಮಾದಿಲ್ ಬಟ್ಟಲು ತೊಳೆಯುತ್ತ ಹಳೆಯದನ್ನು ನೆನೆದ. ಸೈನ್ಯಕ್ಕೆ ಹೋಗುವ ಮುಂಚೆ ಅವನಮ್ಮ ಪೆಟ್ಟಿಗೆಯಿಂದ ಬೆಳ್ಳಿಯ ಓಲೆ, ಮದುವೆ ನಿಶ್ಚಯಕ್ಕೆ ಹುಡುಗಿಗೆ ಹಾಕುವಂಥದ್ದು, ತೆಗೆದು ಕೇಳಿದ್ದಳು: "ಹೋಗಿ ಆ ಹುಡುಗಿ ಕಿವಿಗೆ ಹಾಕಿ ಬರ್ಲೇನೋ? ಹೂಂ ಅನ್ನು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ." ಅವನು ಹೂಂ ಎನ್ನಲಿಲ್ಲ. ವಾಪಸ್ ಬಂದ ಮೇಲೆ ನೋಡೋಣಮ್ಮ ಎಂದ. ಹದಿನೆಂಟರ ಹುಡುಗನಿಗೆ ನಾಚಿಕೆ, ಅವಳು ಬೇಡವೆಂದರೆ ಎಂಬ ಹೆದರಿಕೆ, ಎಲ್ಲವೂ ಅದರಲ್ಲಿತ್ತು. ಎರಡು ವರ್ಷ ಕಳೆದು ಬಂದಾಗ ಅವಳ ಕಿವಿಯಲ್ಲಿ ಬೇರೊಬ್ಬನ ತಾಯಿ ಹಾಕಿದ ಓಲೆಯಿತ್ತು. ಅವನಮ್ಮ ತಾನು ತೆಗೆದಿಟ್ಟದ್ದನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಅವನಿಗೂ ಮದುವೆಯಾಯಿತು. ಒಳ್ಳೆಯ ಹೆಂಗಸು, ಅವಳನ್ನು ನೆನೆಯದ ದಿನವಿಲ್ಲ. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಆ ಹೇಳದ ಹೂಂ ಹಾಗೇ ಕುಳಿತಿತ್ತು.

ಮುಂದಿನ ಗುರುವಾರ ಅವಳು ಸಿಟ್ಟಿನಲ್ಲಿ ಬಂದಳು. ಅಂಗಡಿಯವರ ಉತ್ತರ ಕೈಯಲ್ಲಿತ್ತು: ಹೋದ ವರ್ಷ ಬಂದ ಹಾಸುಗಳ ಬಿಳಿ ಹೀಗಿರಲಿಲ್ಲ, ಇದರಲ್ಲಿ ಬಣ್ಣ ಸರಿಯಿಲ್ಲ, ಇನ್ನೊಮ್ಮೆ ನೋಡಿ. ಅವಳು ಕಂಪ್ಯೂಟರಿನ ಮುಂದೆ ಕುಳಿತು ಫೋಟೊ ನೋಡಿದಳು, ತಲೆಯೆತ್ತಿ ಶಿರ್ದಾಕ್ ನೋಡಿದಳು.

"ಇದ್ಯಾವ ಬಿಳಿನೋ? ಆಸ್ಪತ್ರೆ ಗೋಡೆ ಇದ್ದಂಗಿದೆ. ಕೆಂಪು ನೋಡು, ಚಳಿಗೆ ಬಿದ್ದ ಮೂಗಿನ ಹಾಗೆ ನೇರಳೆ ತಿರುಗಿದೆ. ಕೊಡು ಇಲ್ಲಿ ಆ ಟೋಪಿ."

ಕೊಟ್ಟ. ಕಲ್ಪಾಕ್ ಇನ್ನೊಬ್ಬರ ಕೈಗೆ ಕೊಡುವಂಥದ್ದಲ್ಲ, ಆದರೂ ಕೊಟ್ಟ. ಅವಳು ಅದರ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಕಿಟಕಿಯ ಹತ್ತಿರ ಒಯ್ದು, ಪಕ್ಕದಲ್ಲಿ ಒಂದು ಬರೆಯುವ ಕಾಗದ ಹಿಡಿದು ತೋರಿಸಿದಳು. ಕಾಗದದ ಪಕ್ಕ ಟೋಪಿ ಹಾಲಿನ ಮೇಲಿನ ಕೆನೆಯಂತೆ ಹಳದಿಯಾಗಿತ್ತು.

"ಇದು ಬಿಳಿ ಅಂತ ಯಾರು ಹೇಳಿದ್ರು ನಿಂಗೆ? ಉಣ್ಣೆ ಯಾವತ್ತಾದ್ರೂ ಬಿಳಿ ಇರುತ್ತಾ? ಮರಿ ಉಣ್ಣೆ ಒಂದು ಥರ, ಮುದಿ ಕುರಿದು ಒಂದು ಥರ, ವಸಂತದಲ್ಲಿ ಕತ್ತರಿಸಿದ್ದು ಒಂದು, ಶರತ್ಕಾಲದ್ದು ಒಂದು. ನಾನು ಹುಟ್ಟಿದಾಗಿಂದ ಅದರಲ್ಲೇ ಕೈಯಾಡಿಸ್ತಿದ್ದೀನಿ, ಬಿಳಿ ಅನ್ನೋದನ್ನ ಒಂದು ದಿನವೂ ನೋಡಿಲ್ಲ. ಶಿರ್ದಾಕಿಗೂ ಇದೇ ಉಣ್ಣೆ ಹಾಕಿರೋದು. ಇದನ್ನೇ ಬಿಳಿ ಅಂತ ಕ್ಯಾಮೆರಾಕ್ಕೆ ಹೇಳಿಕೊಟ್ರೆ ಅದು ಪಾಪ ಇರೋ ಕೆನೆನೆಲ್ಲ ತೆಗೆದು ಬಿಸಾಕುತ್ತೆ."

ಜುಮಾದಿಲ್‌ನ ಕಿವಿ ಕೆಂಪಾಯಿತು. ಕ್ಯಾಮೆರಾದ ಒಳಗೆ ನಡೆಯುವುದನ್ನು ಕುರಿ ಕಾಯುವವರ ಮಗಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಹಳದಿಯನ್ನು ಬಿಳಿ ಎಂದು ನಂಬಿದ ಕ್ಯಾಮೆರಾ ಎಲ್ಲದರ ಮೇಲೂ ಒಂದು ಹಿಡಿ ನೀಲಿ ಎರಚುತ್ತಿತ್ತು. ಹದಿನೈದು ವರ್ಷದಿಂದ ಅವನು ತೆಗೆದ ಪಾಸ್‌ಪೋರ್ಟ್ ಫೋಟೊಗಳಲ್ಲಿ ಊರಿಗೆ ಊರೇ ಜ್ವರ ಬಂದು ಎದ್ದವರಂತೆ ಇರುವುದು ಯಾಕೆಂದು ಅವನಿಗೆ ಆಗ ಅರ್ಥವಾಯಿತು. ಜನ ಅದನ್ನು ಚಳಿಗಾಲದ ತಲೆಗೆ ಕಟ್ಟಿದ್ದರು.

"ಇದಕ್ಕೊಂದು ಕಾರ್ಡು ಬರುತ್ತೆ. ಬೂದು ಬಣ್ಣದ್ದು. ಯಾವ ಬಣ್ಣದ ಕಡೆಗೂ ವಾಲದ ಬೂದು. ಬಿಷ್ಕೆಕ್‌ನಿಂದ ತರಿಸ್ತೀನಿ."

"ಬಿಳಿ ತಿಳ್ಕೊಳ್ಳೋಕೆ ಬೂದು ತೋರಿಸೋದಾ?"

"ಹೂಂ."

"ನಿಮ್ಮ ಕಸುಬೂ ಸರಿಯಾಗಿದೆ. ಎಷ್ಟು ದಿನ ಬೇಕು?"

"ಎರಡು ವಾರ."

"ಹಂಗಾದ್ರೆ ಮುಂದಿನ ಗುರುವಾರ ಬರಲ್ಲ, ಅದರ ಮುಂದಿನದಕ್ಕೆ ಬರ್ತೀನಿ."

ಆ ನಡುವಿನ ಗುರುವಾರವೇ ಅವನನ್ನು ಕೆಡಿಸಿದ್ದು. ಅವಳು ಬರುವುದಿಲ್ಲ ಎಂದು ಗೊತ್ತಿದ್ದೂ ಅವನು ಬೆಳಿಗ್ಗೆ ಒಲೆ ಹಚ್ಚಿದ, ಹಿಟ್ಟು ಕರಿದು ಮಾಡುವ ಬೋರ್ಸೊಕ್ ತಂದ, ಕೆನೆ ತಂದ. ಪ್ರತಿ ಸಲ ಬಾಗಿಲು ಕಿರುಗುಟ್ಟಿದಾಗಲೂ ತಲೆಯೆತ್ತಿದ. ಬಂದವರು ಪಿಂಚಣಿ ಕಾರ್ಡಿಗೆ ಫೋಟೊ ತೆಗೆಸುವ ಮುದುಕರು. ಮಧ್ಯಾಹ್ನ ಬೋರ್ಸೊಕ್ ಆರಿ ಗಟ್ಟಿಯಾಯಿತು. ಎರಡು ಸಲ ನೋಡಿದ ಒಬ್ಬ ಹೆಂಗಸಿಗಾಗಿ ಒಂದು ದಿನ ಇಷ್ಟು ಉದ್ದವಾಗಬಹುದೆಂದು ಅವನು ಅಂದುಕೊಂಡಿರಲಿಲ್ಲ. ಹೆಂಡತಿ ಹೋದಾಗ ಮನೆ ಖಾಲಿಯಾಗಿತ್ತು, ಅದು ದುಃಖ, ಅದಕ್ಕೆ ಹೆಸರಿದೆ, ಜನ ಬಂದು ಕೂತು ಅಳುತ್ತಾರೆ. ಇದಕ್ಕೆ ಯಾರು ಬರುತ್ತಾರೆ? ಅವಳು ಬೇಕೆನ್ನಿಸಿತು. ಎದುರಿಗೆ ಕೂತು ಬೈಯಬೇಕು, ಅಷ್ಟೇ ಬೇಕೆನ್ನಿಸಿತು.

ಆದ್ದರಿಂದ ಮರುವಾರ ಬುಧವಾರ ಬಿಷ್ಕೆಕ್ ಮಿನಿಬಸ್ಸಿನ ಚಾಲಕ, ನೂರ್ಗಾಜಿ ಎಂಬ ಗುಂಗುರು ಕೂದಲಿನ ಯುವಕ, ಲಕೋಟೆ ತಂದು "ತಗೋಳಿ ಬಾಯ್ಕೆ, ಮಡಚದೆ ತಂದಿದ್ದೀನಿ" ಎಂದು ಕೊಟ್ಟುಹೋದಾಗ, ಹಾಗೆ ಅಣ್ಣ ಅನ್ನಿಸಿಕೊಂಡ ಜುಮಾದಿಲ್ ಬಾಯ್ಕೆ ಅದನ್ನು ಬೀಗದೊಳಗೆ ಸೇರಿಸಿದ.

"ಬಂತಾ ಕಾರ್ಡು?" ಎಂದಳು ಊಲ್ಕನ್ ಮರುದಿನ, ಹೊಸ್ತಿಲಲ್ಲೇ.

"ದಾರೀಲಿದೆ."

ಸುಳ್ಳನ್ನು ಮುಚ್ಚಿಕೊಳ್ಳಲು ಗೋಡೆಯ ಕಡೆ ಕೈ ತೋರಿಸಿದ. "ಅಲ್ಲೀವರೆಗೆ ಈ ಗೋಡೆ ನೋಡ್ಕೊಳ್ಳೋಣ. ಆಕಾಶನೀಲಿ ಬಳಿದಿದ್ದೀನಲ್ಲ, ಫ್ಲ್ಯಾಶ್ ಹೊಡೆದಾಗ ಆ ನೀಲಿನೂ ಹಾಸಿನ ಮೇಲೆ ಬೀಳುತ್ತೆ." ಅದು ಸುಳ್ಳಲ್ಲ, ಬೀಳುತ್ತದೆ. ಇಬ್ಬರೂ ಸೇರಿ ಪಕ್ಕದ ಹೊಲಿಗೆಯಂಗಡಿಯ ಕಲೀಚಾ ಎಜೆಯಿಂದ ಕಪ್ಪು ಬಟ್ಟೆ ತಂದು ಎರಡು ಗೋಡೆಗೂ ಹೊಡೆದರು. ಕಲೀಚಾ ಎಜೆ ಊರಿಗೆಲ್ಲ ಅಕ್ಕ, ಅವಳ ಬಾಯಿಗೆ ಊರೇ ಹೆದರುತ್ತದೆ.

"ಏನಪ್ಪಾ, ಯಾರ ಮದುವೆಗೆ ಈ ಸಿಂಗಾರ?" ಎಂದು ಬಾಗಿಲಿಂದ ಇಣುಕಿ ಕೇಳಿದಳು.

"ಬೆಳಕಿಗೆ, ಎಜೆ."

"ಬೆಳಕಿಗೆ ಕಪ್ಪು ಬಟ್ಟೆ. ಆಗ್ಲಿ ಆಗ್ಲಿ."

ಮತ್ತೆ ಟೋಪಿ ಹಿಡಿದು ಫೋಟೊ ತೆಗೆದ. ಸ್ವಲ್ಪ ಸುಧಾರಿಸಿತ್ತು, ಸರಿಯಾಗಿರಲಿಲ್ಲ. ಆಮೇಲೆ ಚಹಾ. ಅವನು ಬಟ್ಟಲಿಗೆ ಎರಡೇ ಗುಟುಕು ಹಾಕಿ ಕೊಡುತ್ತಿದ್ದ, ಅವಳು ಕುಡಿದಿಟ್ಟರೆ ಮತ್ತೆರಡು ಗುಟುಕು. ಬಟ್ಟಲು ತುಂಬಿ ಕೊಟ್ಟರೆ ಕುಡಿದು ಹೊರಡು ಎಂದಂತೆ, ನಮ್ಮಲ್ಲಿ ಕೈಗೂಸಿಗೂ ಅದು ಗೊತ್ತು. ಆದರೆ ಎರಡು ಗುಟುಕಿನ ಲೆಕ್ಕದಲ್ಲಿ ಆ ದಿನ ಅವಳು ಹನ್ನೊಂದು ಬಟ್ಟಲು ಕುಡಿದಳು.

"ನನ್ನ ಹೊಟ್ಟೇನ ಕೆರೆ ಅಂದ್ಕೊಂಡ್ಯಾ," ಎಂದಳು, ಆದರೂ ಬಟ್ಟಲನ್ನು ಮುಂದೆ ಚಾಚಿದಳು.

ಅದರ ಮುಂದಿನ ಗುರುವಾರ ಎಡಗಡೆಯ ಫ್ಲ್ಯಾಶಿನ ಸರದಿ. ಅದರ ದೀಪದ ಕೊಳವೆ ಹಳತು, ಬಲಗಡೆಯದು ಹೊಸತು. ಹಳತರ ಬೆಳಕು ಬೆಚ್ಚಗೆ, ಹೊಸತರದು ತಣ್ಣಗೆ. ಆದ್ದರಿಂದ ಶಿರ್ದಾಕಿನ ಎಡ ಅರ್ಧ ಬೇಸಿಗೆಯಲ್ಲೂ ಬಲ ಅರ್ಧ ಚಳಿಗಾಲದಲ್ಲೂ ಇದ್ದಂತೆ ಬರುತ್ತಿತ್ತು. ಇದೂ ಸುಳ್ಳಲ್ಲ. ಅವನ ಸುಳ್ಳಿನ ಕುಶಲತೆ ಇದ್ದದ್ದೇ ಅದರಲ್ಲಿ, ಹೇಳಿದ್ದೆಲ್ಲ ನಿಜ, ಹೇಳದೆ ಬಿಟ್ಟದ್ದು ಮಾತ್ರ ಖಾನೆಯಲ್ಲಿತ್ತು. ಕೊಳವೆ ಬದಲಾಯಿಸುವುದರಲ್ಲಿ ಮಧ್ಯಾಹ್ನ ಕಳೆಯಿತು. ಅವಳು ಒಲೆಯ ಪಕ್ಕ ಕಾಲು ಚಾಚಿ ಕುಳಿತು ಗಂಡನ ವಿಷಯ ಹೇಳಿದಳು, ಮುಂಗೋಪಿ, ಆದರೆ ಕುದುರೆಗಳು ಅವನ ಮಾತು ಕೇಳುತ್ತಿದ್ದವು. ಇವನು ಹೆಂಡತಿಯ ಕೊನೆಯ ತಿಂಗಳುಗಳ ವಿಷಯ ಹೇಳಿದ, ಮಗಳಿಗೂ ಹೇಳಿರದ ಮಾತುಗಳನ್ನು. ಹೇಳುತ್ತ ಹೇಳುತ್ತ ಸ್ಕ್ರೂ ಎಲ್ಲಿಟ್ಟೆನೆಂದು ಮರೆತ. ಅವಳೇ ಹುಡುಕಿ ಕೊಟ್ಟಳು.

"ಕಾರ್ಡು?" ಎಂದಳು ಹೊರಡುವಾಗ.

"ಕಳ್ಸಿದ್ದಾರಂತೆ."

"ನಮ್ಮ ಹೆಂಗಸರು ಗೊಣಗ್ತಿದ್ದಾರೆ ಕಣೋ. ನೀನು ಪ್ರತಿವಾರ ಶಿರ್ದಾಕ್ ಹೊತ್ಕೊಂಡು ಪ್ರವಾಸ ಹೋಗ್ತಿದ್ದೀಯ ಅಂತ ನಂಗೆ ಅಂತಾರೆ. ಇನ್ನು ಒಂದೇ ಗುರುವಾರ ಇರೋದು."

ಆ ವಾರ ಅವನಿಗೆ ಸುಖವಿರಲಿಲ್ಲ. ದಿನಕ್ಕೆರಡು ಸಲ ಖಾನೆ ತೆರೆದು ಲಕೋಟೆ ನೋಡುತ್ತಿದ್ದ. ನೀಚ ಕೆಲಸ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡು, ಸೋಮವಾರ ದಾಟಿಹೋದರೆ ಬೇರೆ ಅಂಗಡಿ ಹುಡುಕೋಣ, ಅದಕ್ಕೂ ಫೋಟೊ ಬೇಕಾಗುತ್ತದಲ್ಲ, ಎಂದು ಲೆಕ್ಕ ಹಾಕಿದ. ಹಾಗೆ ಲೆಕ್ಕ ಹಾಕಿದ್ದಕ್ಕೆ ಮತ್ತೆ ಬೈದುಕೊಂಡ. ಗುಡ್ಡಗಳ ಮೇಲೆ ಹಿಮ ದಿನದಿನಕ್ಕೆ ಕೆಳಗಿಳಿಯುತ್ತಿತ್ತು.

ಕೊನೆಯ ಗುರುವಾರ ಅವಳು ತಡವಾಗಿ ಬಂದಳು. ಶಿರ್ದಾಕನ್ನು ತಾನೇ ಇಳಿಸಿದಳು, ತಾನೇ ಬಿಚ್ಚಿದಳು. ಕಾರ್ಡಿನ ಮಾತೆತ್ತಲಿಲ್ಲ. ಹಾಸನ್ನು ತೂಗುಹಾಕಿ ಪಕ್ಕದಲ್ಲಿ ಕೈಕಟ್ಟಿ ನಿಂತಳು.

"ಇವತ್ತು ಯಾವುದು ಸರಿಯಿಲ್ಲ? ಗೋಡೆ ಆಯ್ತು, ದೀಪ ಆಯ್ತು. ಉಳಿದಿರೋದು ನನ್ನ ಮುಖ."

ಅವನು ನಗಲು ನೋಡಿದ, ಅವಳು ನಗುತ್ತಿರಲಿಲ್ಲ. ಅಭ್ಯಾಸಬಲದಿಂದ ಅವನ ಕೈ ತಲೆಯ ಕಡೆ ಹೋಯಿತು, ಕಲ್ಪಾಕ್ ಕೈಗೆ ಬಂತು. ಅದನ್ನು ಹಿಡಿದು ಹಾಸಿನ ಮುಂದೆ ಹೋದ. ಹಾಗೆ ಹೋದವನಿಗೆ ಅವಳ ಕೈಗಳು ಕಂಡವು, ಕಟ್ಟಿದ ತೋಳುಗಳ ಮೇಲೆ ಸುಮ್ಮನೆ ಕೂತಿದ್ದ ಕೈಗಳು. ಕುದಿಯುವ ನೀರು, ಸಾಬೂನು, ಹಸಿ ಉಣ್ಣೆ. ಬೆರಳ ಗೆಣ್ಣುಗಳು ಬಿರಿದು ಗೆರೆಗಳಲ್ಲಿ ಕೆಂಪು ಬಣ್ಣ ಕೂತಿತ್ತು. ಇಂಥ ಇನ್ನೂ ಏಳು ಜೊತೆ ಕೈಗಳು ಕಣಿವೆಯ ಆಚೆ ಕಾಯುತ್ತಿವೆ. ನಾನು ಕೂತು ಚಹಾ ಹೊಯ್ಯುತ್ತಿದ್ದೇನೆ. ಅವನಿಗೆ ನಾಚಿಕೆಯಾಯಿತು, ಹದಿನೆಂಟರಲ್ಲಿ ಆದಂಥದ್ದಲ್ಲ, ನಿಂತಲ್ಲಿ ನಿಲ್ಲಲಾಗದಂಥದ್ದು.

ಅವನು ಟೋಪಿಯನ್ನು ಗೂಟಕ್ಕೆ ಹಾಕಿ, ಮೇಜಿನ ಹತ್ತಿರ ಹೋಗಿ, ಖಾನೆಯ ಬೀಗ ತೆಗೆದ. ಲಕೋಟೆಯಿಂದ ಕಾರ್ಡು ತೆಗೆದು ಅವಳ ಕೈಗೆ ಕೊಟ್ಟ.

"ಇದನ್ನ ಎದೆ ಹತ್ರ ಹಿಡ್ಕೊಂಡು ಹಾಸಿನ ಮುಂದೆ ನಿಲ್ಲು. ಓರೆ ಮಾಡ್ಬೇಡ. ನಿನ್ನ ಕೆಂಪು ತಲೆವಸ್ತ್ರ ತೆಗಿ, ಅದರ ಬಣ್ಣ ಬೀಳುತ್ತೆ."

ಅವಳು ವಸ್ತ್ರ ತೆಗೆದಿಟ್ಟು ನಿಂತಳು. ಅವನು ಕಿಟಕಿಯ ಪರದೆ ಎಳೆದ, ಛಾವಣಿಯ ಬಲ್ಬು ಆರಿಸಿದ, ಫ್ಲ್ಯಾಶಿನೊಳಗಿನ ಹಳದಿ ಸಣ್ಣ ದೀಪಗಳನ್ನೂ ಆರಿಸಿದ. ಕತ್ತಲಲ್ಲಿ ಅವಳ ಉಸಿರು ಕೇಳುತ್ತಿತ್ತು. ಫ್ಲ್ಯಾಶ್ ಹೊಡೆಯಿತು. ಕ್ಯಾಮೆರಾಕ್ಕೆ ಇದು ಬೂದು ಎಂದು ಹೇಳಿಕೊಟ್ಟ, ಸರಿಯಾಯಿತೇ ಎಂದು ನೋಡಲು ಇನ್ನೊಂದು ಹೊಡೆದ. ಅವಳನ್ನು ಪಕ್ಕಕ್ಕೆ ಸರಿಸಿ ಬರಿಯ ಶಿರ್ದಾಕಿನದು ಆರು ತೆಗೆದ. ಬಲ್ಬು ಹಾಕಿ ಕಂಪ್ಯೂಟರಿನ ಮುಂದೆ ಕುಳಿತ.

ಎರಡನೆಯ ಫೋಟೊ ಪರದೆಯ ಮೇಲೆ ಬಂದಾಗ ಅವನು ಶಿರ್ದಾಕ್ ನೋಡುವುದನ್ನು ಮರೆತ. ಬೂದು ಕಾರ್ಡು ಹಿಡಿದ ಹೆಂಗಸೊಬ್ಬಳು ಅಲ್ಲಿದ್ದಳು. ಗಾಳಿಗೆ ಸುಟ್ಟ ಕೆನ್ನೆ, ಕಣ್ಣಿನ ಸುತ್ತ ಕಂದು, ನೆತ್ತಿಯಲ್ಲಿ ಬೂದಿಗಿಂತ ತುಸು ಬೆಳ್ಳಗಿನ ಕೂದಲು. ಶಾಲೆಯ ಕೊನೆಯ ದಿನ ಬಿಳಿ ರಿಬ್ಬನ್ ಕಟ್ಟಿದ್ದ ಹುಡುಗಿಯನ್ನು ಅವನು ನಲವತ್ತು ವರ್ಷ ಯಾವಯಾವುದೋ ಬೆಳಕಿನಲ್ಲಿ ಇಟ್ಟು ನೋಡಿದ್ದ, ತನಗೆ ಬೇಕಾದ ಬಣ್ಣ ಹಚ್ಚಿದ್ದ. ಇವಳು ಆ ಹುಡುಗಿಯಲ್ಲ. ಇವಳು ಇದ್ದ ಹಾಗೇ ಇದ್ದಳು. ಇವಳೇ ತನಗೆ ಬೇಕಾದವಳು ಎಂದು ಅವನಿಗೆ ಎದೆಯೊಡೆಯುವಷ್ಟು ಸ್ಪಷ್ಟವಾಗಿ ತಿಳಿಯಿತು.

ಊಲ್ಕನ್ ಅವನ ಹೆಗಲ ಮೇಲಿಂದ ಬಾಗಿ, ತನ್ನ ಮುಖವನ್ನು ದಾಟಿಸಿ ಮುಂದಿನ ಫೋಟೊ ನೋಡಿದಳು. ಗೋಡೆಯ ಹಾಸು ನೋಡಿದಳು. ಮತ್ತೆ ಪರದೆ ನೋಡಿದಳು.

"ಇದು ನಮ್ಮ ಕುರಿ," ಎಂದಳು. "ಕಳ್ಸು."

ಕಳಿಸಿದ. ಹೋಯಿತು ಎಂದು ಪರದೆ ತೋರಿಸುವವರೆಗೆ ಇಬ್ಬರೂ ಕಾದರು. ಅವಳು ಹಾಸನ್ನು ಇಳಿಸಿ ಸುತ್ತತೊಡಗಿದಳು. ಅವನು ಕುರ್ಚಿಯಿಂದ ಏಳದೆ, ಪರದೆಗೇ ಹೇಳುವವನಂತೆ ಹೇಳಿದ:

"ಕಾರ್ಡು ಬಂದು ಹದಿನೈದು ದಿನ ಆಯ್ತು."

"ಗೊತ್ತು."

ಅವನು ತಿರುಗಿದ.

"ಇವತ್ತು ಬೆಳಿಗ್ಗೆ ಗೊತ್ತಾಯ್ತು. ಮಿನಿಬಸ್ ಓಡಿಸೋ ನೂರ್ಗಾಜಿ ನಮ್ಮಕ್ಕನ ಮಗ. ಸ್ಟ್ಯಾಂಡಲ್ಲಿ ಸಿಕ್ದ. ಚಿಕ್ಕಮ್ಮ, ಅವತ್ತು ಬಾಯ್ಕೆಗೆ ಆ ರಟ್ಟು ತಂದುಕೊಟ್ಟೆನಲ್ಲ, ನಿಮ್ಮ ಕೆಲಸ ಆಯ್ತಾ ಅಂತ ಕೇಳ್ದ. ಅಲ್ಲೇ ಒಂದು ಗಂಟೆ ಕೂತಿದ್ದೆ. ನೀನು ಇವತ್ತೂ ಆ ಟೋಪಿನೇ ಹಿಡಿದಿದ್ರೆ ಶಿರ್ದಾಕ್ ಸುತ್ಕೊಂಡು ಹೋಗ್ತಿದ್ದೆ. ಇನ್ನು ಸತ್ರೂ ನಿನ್ನ ಹೊಸ್ತಿಲು ತುಳೀತಿರ್ಲಿಲ್ಲ. ಎಂಟು ಮನೆ ಕಣೋ ಅದು. ಆಟ ಅಲ್ಲ."

"ತಪ್ಪಾಯ್ತು."

"ಆಯ್ತು."

ಅವಳು ಹಗ್ಗ ಕಟ್ಟಿದಳು. ಗಂಟು ಬಿಗಿಯುತ್ತ, ತಲೆಯೆತ್ತದೆ ಮುಂದುವರಿಸಿದಳು.

"ಯಾಕೆ ಬಚ್ಚಿಟ್ಟೆ ಅಂತ ಕೇಳಲ್ಲ. ನಾನೇನು ಚಿಕ್ಕ ಹುಡುಗಿನಾ. ಆಗ, ನಿಮ್ಮಮ್ಮ ಓಲೆ ಹಿಡ್ಕೊಂಡು ಬರ್ತಾಳೆ ಅಂತ ಒಂದೂವರೆ ವರ್ಷ ಕಾದೆ. ನಾಯಿ ಬೊಗಳಿದ್ರೆ ಸಾಕು, ಕಿಟಕಿಗೆ ಹೋಗ್ತಿದ್ದೆ. ನೀನು ಒಂದು ಮಾತು ಆಡ್ಲಿಲ್ಲ, ನಲವತ್ತು ವರ್ಷ ಆಡ್ಲಿಲ್ಲ. ಈ ಸಲ ಹದಿನೈದೇ ದಿನಕ್ಕೆ ಬಾಯಿ ಬಿಟ್ಟೆ. ಪರವಾಗಿಲ್ಲ, ಸುಧಾರಿಸಿದ್ದೀಯ."

ಜುಮಾದಿಲ್‌ನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಶಿರ್ದಾಕನ್ನು ತಾನೇ ಹೊತ್ತು ಅವಳ ಜೊತೆ ಸ್ಟ್ಯಾಂಡಿನವರೆಗೆ ನಡೆದ. ಅಟ್-ಬಾಶಿಯ ಟ್ಯಾಕ್ಸಿಗೆ ಇನ್ನೊಬ್ಬರೇ ಬೇಕಾಗಿದ್ದರು, ಅವಳು ಹತ್ತಿದರೆ ಹೊರಡುವುದೇ. ಹಾಸನ್ನು ಹಿಂದೆ ಹಾಕಿ ಅವನು ಬಾಗಿಲು ಹಿಡಿದು ನಿಂತ.

"ಮುಂದಿನ ಗುರುವಾರ ಬಾ," ಎಂದ. ಹೇಳಿದ್ದು ಅಷ್ಟೇ, ಆದರೆ ಗುಡ್ಡ ಹತ್ತಿದವನಂತೆ ಏದುಸಿರು ಬಂತು.

"ಫೋಟೊ ಆಯ್ತಲ್ಲ."

"ಫೋಟೊಗಲ್ಲ. ಸುಮ್ನೆ ಬಾ."

ಅವಳು ಒಳಗೆ ಕುಳಿತು ತಲೆವಸ್ತ್ರ ಸರಿಮಾಡಿಕೊಂಡಳು.

"ಇಲ್ಲ, ಬರಲ್ಲ. ಮೊಮ್ಮಕ್ಕಳಿರೋ ಹೆಂಗಸು ಸುಮ್ನೆ ಸುಮ್ನೆ ಪ್ರತಿವಾರ ಟ್ಯಾಕ್ಸಿ ಹತ್ತಿದ್ರೆ ಊರು ಏನನ್ನುತ್ತೆ. ಐದು ಸಲ ಅಲ್ಲಿಂದ ಇಲ್ಲಿಗೆ ಬಂದಿದ್ದು ನಾನು, ಇಷ್ಟು ಭಾರ ಹೊತ್ಕೊಂಡು." ಬಾಗಿಲನ್ನು ಅವನ ಕೈಯಿಂದ ಎಳೆದುಕೊಂಡಳು. "ಈ ಟ್ಯಾಕ್ಸಿ ಇಲ್ಲಿಂದ ಅಲ್ಲಿಗೂ ಓಡುತ್ತೆ ಕಣೋ."

ಬಾಗಿಲು ಹಾಕಿಕೊಂಡಿತು, ಗಾಡಿ ಸೇತುವೆಯ ಕಡೆ ತಿರುಗಿತು. ಜುಮಾದಿಲ್ ಬರಿದಲೆಯಲ್ಲಿ ಚಳಿಯಲ್ಲಿ ನಿಂತಿದ್ದ. ಈ ಊರಿನಲ್ಲಿ ಹುಟ್ಟಿ ಬೆಳೆದವನು, ಈ ಸ್ಟ್ಯಾಂಡಿನ ಎದುರಿಗೇ ಮೂವತ್ತು ವರ್ಷ ಅಂಗಡಿ ಇಟ್ಟವನು. ಜನ ತಾವಾಗಿ ಬರುತ್ತಾರೆ, ಬಂದವರನ್ನು ಕೂರಿಸಿ ಬೆಳಕು ಹಾಕುವುದು ತನ್ನ ಕೆಲಸ ಎಂದುಕೊಂಡೇ ಬದುಕಿದವನು. ಅಟ್-ಬಾಶಿಗೆ ಬೆಳಗಿನ ಮೊದಲ ಟ್ಯಾಕ್ಸಿ ಎಷ್ಟು ಗಂಟೆಗೆ ಹೊರಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಗಾಡಿಯ ಕಿಟಕಿ ತಟ್ಟಿ ಕೇಳಿದ.